ಹಿಟ್ಟಿನ ಕೋಳಿ ಮತ್ತು ನೇಗಿಲ ಗುಳ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಜೈನ ಕವಿ ಜನ್ನನ ‘ಯಶೋಧರ ಚರಿತೆ’ಯ ಬಗ್ಗೆ ಓದಿದೆ. ಹಿಟ್ಟಿನಲ್ಲಿ ಮಾಡಿದ ಕೋಳಿಯನ್ನು ದೇವಿಗೆ ಬಲಿಯೆಂದು ಕಡಿದ ರಾಜ ಯಶೋಧರನಿಗೆ ಜನ್ಮಾಂತರಗಳ ಶಿಕ್ಷೆ! ನಮ್ಮೂರಿನಲ್ಲಿ ಜೈನರೇ ಹೆಚ್ಚು, ಎಲ್ಲರೂ ಒಕ್ಕಲುತನದವರು. ಹೊಲ ಉತ್ತರೆ ಎಷ್ಟು ಹುಳುಗಳು ಸಾಯುತ್ತವೆ? ಔಷಧಿ ಹೊಡೆದರೆ? ಆ ಬೆಳೆಯನ್ನೇ ಮುನಿಗಳೂ ಉಣ್ಣುವುದಲ್ಲವೇ? ಇದು ಯಾವ ನ್ಯಾಯ? ಅಂದಹಾಗೆ, ಸೊಳ್ಳೆ ಕಚ್ಚಿದರೆ ಸಂಪಾದಕರು ಏನು ಮಾಡುತ್ತಾರೆ?
— ಬೆಳಗಾವಿ ಜಿಲ್ಲೆಯ ಒಬ್ಬ ರೈತ

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ತಕರಾರಿಗೆ ಸಾವಿರ ವರ್ಷ ವಯಸ್ಸಾಗಿದೆ. ಆದರೂ ಅದರ ಮೊನೆ ಮೊಂಡಾಗಿಲ್ಲ. ಜನ್ನ ತನ್ನ ಕಾವ್ಯ ಬರೆದದ್ದು 1209ರಲ್ಲಿ. ಅದಕ್ಕೂ 250 ವರ್ಷ ಮೊದಲು, 959ರಲ್ಲಿ, ಸೋಮದೇವಸೂರಿ ಇದೇ ಯಶೋಧರನ ಕಥೆಯನ್ನು ಸಂಸ್ಕೃತದಲ್ಲಿ ‘ಯಶಸ್ತಿಲಕ’ವೆಂದು ಬರೆದಿದ್ದ. ಪಂಪನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ಮನೆತನದ ಆಳ್ವಿಕೆಯಲ್ಲೇ ಹುಟ್ಟಿದ ಕೃತಿ ಅದು. ನಿಮ್ಮ ಪ್ರಶ್ನೆಗೆ ಅಲ್ಲೊಂದು ಶ್ಲೋಕವಿದೆ. ಕೊಲ್ಲದೆಯೂ ಒಬ್ಬ ಪಾಪಿಯಾಗಬಹುದು, ಕೊಂದೂ ಇನ್ನೊಬ್ಬನಿಗೆ ಪಾಪ ತಟ್ಟದಿರಬಹುದು. ಎಲ್ಲವೂ ಮನಸ್ಸಿನ ಒಲವಿನ ಮೇಲೆ, ಬೆಸ್ತ ಮತ್ತು ಒಕ್ಕಲಿಗರ ಹಾಗೆ ಎಂದು. ಬಲೆ ಹಾಕಿ ಕುಳಿತವನಿಗೆ ದಿನವೆಲ್ಲ ಒಂದು ಮೀನೂ ಬೀಳದಿರಬಹುದು, ಆದರೆ ಅವನ ಧ್ಯಾನವೆಲ್ಲ ಮೀನಿನದೇ. ಉಳುವವನ ಧ್ಯಾನ ಪೈರಿನದು. (ಹೊಟ್ಟೆಪಾಡಿಗೆ ಬಲೆ ಬೀಸುವವನ ಮೇಲೆ ಸೋಮದೇವ ಇಷ್ಟು ಬಿರುಸಾಗಬೇಕಿತ್ತೇ ಎಂದು ನನಗೆ ಅನ್ನಿಸುವುದುಂಟು. ಇರಲಿ.)

ಈಗ ಯಶೋಧರನ ವಿಷಯ. ಅವನು ಜೀವಂತ ಕೋಳಿಯನ್ನು ಕಡಿಯಲಾರೆ ಎಂದವನೇ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಗೆ ಒಪ್ಪಿದ. ಆದರೆ ದೇವಿಯ ಮುಂದೆ ನಿಂತು ಕತ್ತಿ ಎತ್ತಿದಾಗ ಅವನ ಕೈ ಬಲಿ ಕೊಡುವ ಕೈಯೇ ಆಗಿತ್ತು. ಹಿಟ್ಟು ಕೂಗಿಕೊಂಡಿತು! ಆ ಕೂಗು ಕೇಳಿದ ಮೇಲೆ ‘ಬರೀ ಹಿಟ್ಟು’ ಎನ್ನುವ ನೆಪ ಉಳಿಯಲಿಲ್ಲ. ಮುಂದೆ ತಾಯಿಯೂ ಮಗನೂ ನಾಯಿ, ನವಿಲು, ಮೀನು, ಆಡು ಎಂದು ಅಲೆದು ಕೊನೆಗೆ ಕೋಳಿಗಳಾಗಿಯೇ ಹುಟ್ಟುತ್ತಾರೆ.

ಜೈನಶಾಸ್ತ್ರ ಹಿಂಸೆಯನ್ನು ನಾಲ್ಕಾಗಿ ನೋಡುತ್ತದೆ. ಅಡುಗೆ, ಕಸಗುಡಿಸುವಿಕೆಯಲ್ಲಿ ಆಗುವುದು ಆರಂಭಿ. ಕಸುಬಿನಲ್ಲಿ ಆಗುವುದು ಉದ್ಯೋಗಿ. ಮೇಲೆ ಬಿದ್ದವನನ್ನು ತಡೆಯುವಾಗಿನದು ವಿರೋಧಿ. ಬೇಕೆಂದೇ ಮಾಡುವುದು ಸಂಕಲ್ಪಿ. ಸಂಸಾರಿಯು ಪೂರ್ತಿ ಬಿಡಬೇಕಾದದ್ದು ಕೊನೆಯದನ್ನು, ಉಳಿದವನ್ನು ಆದಷ್ಟು ಕಡಿಮೆ ಮಾಡಿಕೊಳ್ಳಬೇಕು. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಸೇನಾಪತಿಯಾಗಿ ಯುದ್ಧ ಮಾಡಿಯೂ ಶ್ರಾವಕನಾಗಿ, ಎಂದರೆ ವ್ರತವುಳ್ಳ ಜೈನ ಗೃಹಸ್ಥನಾಗಿ, ಉಳಿದದ್ದು ಈ ವಿಂಗಡಣೆಯಿಂದ ಅರ್ಥವಾಗುತ್ತದೆ.

ಹಾಗಾದರೆ ರೈತ ಕೈ ತೊಳೆದುಕೊಂಡನೇ? ಇಲ್ಲ. ದಿನದ ತಪ್ಪುಗಳನ್ನು ಒಪ್ಪಿಕೊಳ್ಳುವ ಪ್ರತಿಕ್ರಮಣದಲ್ಲಿ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಜೀವಗಳನ್ನು ಹೆಸರಿಸಿ, ತುಳಿದಿದ್ದರೆ, ನೋಯಿಸಿದ್ದರೆ, ಜಾಗ ತಪ್ಪಿಸಿದ್ದರೆ ಆ ದುಷ್ಕೃತ ಮಿಥ್ಯೆಯಾಗಲಿ ಎಂದು ಹೇಳಿಕೊಳ್ಳಬೇಕು. ತಪ್ಪೇ ಇಲ್ಲದಿದ್ದರೆ ಆ ಮಾತಿಗೆ ಅರ್ಥವೇನು? 48 ನಿಮಿಷದ ಧ್ಯಾನವಾದ ಸಾಮಾಯಿಕದಲ್ಲಿ ಕೂರುವುದೂ, ನೀರು ಸೋಸಿದ ಬಟ್ಟೆಯನ್ನು ಜಾಡಿಸದೆ ಅದರಲ್ಲಿ ಉಳಿದದ್ದನ್ನು ಅದೇ ಬಾವಿಗೆ ಮರಳಿ ಬಿಡುವುದೂ ಇದೇ ಜಾತಿಯ ಅಭ್ಯಾಸಗಳು.

ಮುನಿಗಳ ಊಟದ ಬಗ್ಗೆ ನೀವು ಹೇಳಿದ್ದು ಸರಿ, ಆ ಅನ್ನವೂ ಹೊಲದ್ದೇ. ಅದಕ್ಕೇ ಇರಬೇಕು, ಉಣ್ಣುವುದನ್ನು ಅಷ್ಟು ಬಿಗಿಗೊಳಿಸಿದ್ದಾರೆ. ದಿಗಂಬರ ಮುನಿಗಳಿಗೆ ದಿನಕ್ಕೊಂದೇ ಸಲ ಆಹಾರ, ಅದೂ ನಿಂತುಕೊಂಡು, ಬೊಗಸೆಯಲ್ಲಿ. ತುತ್ತಿನಲ್ಲಿ ಕೂದಲೋ ಸತ್ತ ಹುಳುವೋ ಕಂಡರೆ ಅಂತರಾಯ: ಊಟ ಅಲ್ಲಿಗೇ ನಿಂತಿತು, ನೀರೂ ಮರುದಿನಕ್ಕೇ. ನಿಮ್ಮ ಜಿಲ್ಲೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು (1872–1955) ಒಕ್ಕಲು ಮನೆಯಿಂದಲೇ ಈ ದಾರಿಗೆ ಬಂದವರು. ಅನ್ನ ಎಲ್ಲಿಂದ ಬರುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವರು ಕುಂಥಲಗಿರಿಯಲ್ಲಿ, ಅನ್ನ ನೀರು ಕ್ರಮೇಣ ಬಿಡುವ ಸಲ್ಲೇಖನದಿಂದ ದೇಹ ಬಿಟ್ಟರು.

ಔಷಧಿಯ ಪ್ರಶ್ನೆಯೇ ಕಷ್ಟದ್ದು. ಕಸುಬಿನ ಹಿಂಸೆಯೆಂದು ಅದನ್ನು ಉದ್ಯೋಗಿಗೆ ಸೇರಿಸುವುದು ಸುಲಭ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ನೇಗಿಲ ಗುಳಕ್ಕೆ ಹುಳು ಅಕಸ್ಮಾತ್ ಸಿಗುತ್ತದೆ. ಔಷಧಿಯ ಡಬ್ಬಿ ತೆರೆಯುವುದೇ ಹುಳುವಿಗಾಗಿ. ಜೈನರ ಶಾಸ್ತ್ರಗ್ರಂಥ ‘ತತ್ತ್ವಾರ್ಥಸೂತ್ರ’ದ ವ್ಯಾಖ್ಯೆ ನೋಡಿ: ಪ್ರಮತ್ತಯೋಗಾತ್ ಪ್ರಾಣವ್ಯಪರೋಪಣಂ ಹಿಂಸಾ. ಎಚ್ಚರಗೇಡಿ ನಡೆಯಿಂದ ಪ್ರಾಣ ತೆಗೆಯುವುದೇ ಹಿಂಸೆ ಎಂದು. ಪ್ರಾಣ ತೆಗೆಯುವ ಮಾತು ಬರುವುದು ಎರಡನೆಯದಾಗಿ; ಮೊದಲು ಬರುವುದು ಪ್ರಮಾದ, ಎಚ್ಚರಗೇಡಿತನ. ಬೆಳೆಗೆ ಹುಳು ಬಿದ್ದಿದೆಯೋ ಇಲ್ಲವೋ ಎಲೆ ಮಗುಚಿ ನೋಡದೆ, ಪಕ್ಕದ ಹೊಲದವನು ಹೊಡೆದನೆಂದು ತಾನೂ ಹೊಡೆಯುವುದನ್ನು ಈ ಸೂತ್ರದ ಹೊರಗಿಡಲು ನನಗೆ ದಾರಿ ಕಾಣುವುದಿಲ್ಲ. ನೋಡಿ, ಬೇರೆ ಉಪಾಯಗಳನ್ನೆಲ್ಲ ಮಾಡಿ, ಕೊನೆಗೆ ಹೊಡೆದವನ ಲೆಕ್ಕ ಬೇರೆ. ಅವನು ಸಂಜೆ ಪ್ರತಿಕ್ರಮಣಕ್ಕೆ ಕುಳಿತರೆ ಏನು ಹೇಳಿಕೊಳ್ಳಬೇಕೆಂದು ಅವನಿಗೆ ಗೊತ್ತಿರುತ್ತದೆ. ನಿಮ್ಮ ನೆರೆಯವರನ್ನೇ ಕೇಳಿ ಬರೆಯಿರಿ, ಪ್ರಕಟಿಸುತ್ತೇವೆ.

ಇನ್ನು ಸೊಳ್ಳೆ. ಹೊಡೆಯುತ್ತಿದ್ದೆ. ಹೋದ ತಿಂಗಳು ಸೊಳ್ಳೆ ಪರದೆ ಕೊಂಡೆ. ಅದರೊಳಗೆ ಸಿಕ್ಕಿಹಾಕಿಕೊಂಡದ್ದನ್ನು ಈಗಲೂ ಹೊಡೆಯುತ್ತೇನೆ.

— ಸಂಪಾದಕ