12 ಲಕ್ಷದ ಮಗ

ಬಾಗಲಕೋಟೆಯಲ್ಲಿ ಆಪ್ತಸಲಹೆಗೆಂದು ನನ್ನ ಹತ್ತಿರ ಬರುವ ಸಾಫ್ಟ್‌ವೇರ್ ಹುಡುಗರ ಮನೆಗಳಲ್ಲಿ ಒಂದೇ ಜಗಳ ಮತ್ತೆ ಮತ್ತೆ ಕಾಣುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಹುಡುಗನಿಗೆ 27 ವರ್ಷ. ಮುಧೋಳ ಕಡೆಯ ಕಬ್ಬು ಬೆಳೆಗಾರರ ಮನೆ. ಬೆಂಗಳೂರಿನಲ್ಲಿ ಕೆಲಸ, ವರ್ಷದ ಪ್ಯಾಕೇಜು 12 ಲಕ್ಷ. ಅಪ್ಪ "ಮಗನಿಗೆ ತಿಂಗಳಾ ಲಕ್ಷ ರೂಪಾಯಿ" ಎಂದು ಊರಿಗೆಲ್ಲ ಹೇಳಿದ್ದರು. ಅದನ್ನೇ ನಂಬಿ ಮನೆ ಕಟ್ಟಲು ಸಾಲ ಮಾಡಿದ್ದರು. ಉಳಿದ ದುಡ್ಡು ಏನು ಮಾಡ್ತಿ ಎಂಬ ಪ್ರಶ್ನೆಗೆ ಹೆದರಿ ಹುಡುಗ ಫೋನ್ ಎತ್ತುವುದನ್ನೇ ಬಿಟ್ಟಿದ್ದ. ನಿದ್ದೆಯೂ ಹೋಗಿತ್ತು.

"ಮೇಡಂ, ಮನ್ಯಾಗ ನಾ ಕೊಡೋದು ಕಡಿಮಿ ಅಂತಾರ. ಆಫೀಸಿನ್ಯಾಗ ನನ್ನ ಮ್ಯಾಲಿನ ಖರ್ಚು ಜಾಸ್ತಿ ಅಂತಾರ. ಎರಡೂ ಕಡೆ ಅದೇ 12 ಲಕ್ಷ" ಎಂದ. ಈ ಮಾತು ನನ್ನನ್ನು ಬಹಳ ದಿನ ಕಾಡಿತು.

ಮುಂದಿನ ಸಲ ಅಪ್ಪನನ್ನು ಕರೆತರಲು ಹೇಳಿದೆ. ಆಫರ್ ಲೆಟರ್, ಪೇ ಸ್ಲಿಪ್ ಎರಡನ್ನೂ ಮೇಜಿನ ಮೇಲೆ ಇಟ್ಟೆವು. ಆ 12 ಲಕ್ಷ ಸಿಟಿಸಿ, ಅಂದರೆ ಕಂಪನಿಗೆ ಇವನಿಂದ ಬೀಳುವ ಒಟ್ಟು ಖರ್ಚು. ತಿಂಗಳ ಲಕ್ಷದಲ್ಲಿ 10,000 ವೇರಿಯಬಲ್, ವರ್ಷದ ಕೊನೆಗೆ ಕೊಟ್ಟರೆ ಬಂತು. ಬೇಸಿಕ್ ಅಂದರೆ ಮೂಲ ವೇತನ 50,000ಕ್ಕೆ ಶೇ 12ರಂತೆ ಕಂಪನಿ ಕಟ್ಟುವ ಪಿಎಫ್ (ಭವಿಷ್ಯ ನಿಧಿ) 6,000. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ 2,400, ಅದು ಐದು ವರ್ಷ ತುಂಬಿದ ಮೇಲಿನ ಮಾತು. ವಿಮೆ 1,600. ಉಳಿದದ್ದು 80,000. ಅದರಲ್ಲಿ ಇವನ ಪಾಲಿನ ಪಿಎಫ್ 6,000, ವೃತ್ತಿ ತೆರಿಗೆ 200. ಕೈಗೆ 73,800.

ಅಪ್ಪ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಕೇಳುತ್ತಾ ಹೋದರು. ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು. ಕೊನೆಗೆ ತಲೆ ಎತ್ತಿದರು.

"ಅಂದ್ರ ಇದು ನಮ್ಮ ಕಬ್ಬಿನ ಬಿಲ್ಲ ಇದ್ದಂಗ ಐತಲ್ಲೋ! ಟನ್ನಿಗೆ ಒಂದು ರೇಟ್ ಹೇಳ್ತಾರ, ಕಟಾವು ಸಾಗಣಿ ಮುರಕೊಂಡು ಖಾತೆಕ್ಕ ಹಾಕ್ತಾರ. ಮೊದಲ ಯಾಕ ಹೇಳಲಿಲ್ಲ ನೀ?"

ಹುಡುಗ ಅತ್ತುಬಿಟ್ಟ. ನಾನು ತಡೆಯಲಿಲ್ಲ.

ಆಪ್ತಸಲಹೆಗಾರರು ಸಂಬಳದ ಲೆಕ್ಕ ಬಿಡಿಸಬೇಕಾ ಎಂದು ಸಹೋದ್ಯೋಗಿಯೊಬ್ಬರು ಕೇಳಿದ್ದರು. ಬೇಕು. ಇವನ ಭಯ ಕೂತಿದ್ದೇ ಆ ಕಾಗದದಲ್ಲಿ. ಅದನ್ನು ಮುಚ್ಚಿಟ್ಟು ಸುಮ್ನೆ ಧೈರ್ಯ ಹೇಳಿದ್ದರೆ ತಿಂಗಳ ಮೊದಲ ವಾರ ಮತ್ತೆ ಅದೇ ಹೆದರಿಕೆ ಬರುತ್ತಿರಲಿಲ್ವಾ?

ಸಾಲದ ಕಂತನ್ನು 73,800 ನೋಡಿ ನಿರ್ಧರಿಸಿ, ವೇರಿಯಬಲ್ ಬಂದರೆ ಅಸಲಿಗೆ ಕಟ್ಟಿ ಎಂದೆ. ಊರಿನಲ್ಲಿ ಲಕ್ಷದ ಮಾತು ನಿಲ್ಲಿಸಿ ಎಂದೂ ಕೇಳಿಕೊಂಡೆ. ಇನ್ನು ಆಫೀಸಿನ ಮಾತು. ಅದು ಬಂದದ್ದು ಅವನು ಎರಡು ತಿಂಗಳು ಬೆಂಚಿನಲ್ಲಿದ್ದಾಗ. ಪ್ರಾಜೆಕ್ಟ್ ಇಲ್ಲದಾಗ ಗ್ರಾಹಕರಿಂದ ಬಿಲ್ಲಿಂಗ್ ಬರುವುದಿಲ್ಲ, ಸಂಬಳ ಮಾತ್ರ ಹೋಗುತ್ತಿರುತ್ತದೆ. ಕಂಪನಿಯ ಆ ಬಜೆಟ್ ಲೆಕ್ಕವನ್ನು ನಿನ್ನ ಯೋಗ್ಯತೆಯ ಲೆಕ್ಕ ಮಾಡಿಕೊಳ್ಳಬೇಡ ಎಂದು ಹುಡುಗನಿಗೆ ಹೇಳಿದೆ.

ಹೊರಡುವಾಗ ಅಪ್ಪ ಬಾಗಿಲಲ್ಲೇ ನಿಂತು ಮಗನನ್ನು ಕೇಳಿದರು: "ಅಲ್ಲಿ ರೂಮಿನ ಬಾಡಿಗಿ ಎಷ್ಟ ಐತಿ? ಊಟಕ್ಕ ಎಷ್ಟ ಉಳೀತದ ನಿನಗ?"