ಶೇ 99ರ ಮಿತಿಯನ್ನು ನಷ್ಟ 11 ಬಾರಿ ದಾಟಿದ್ದೇಕೆ?

ನಿಮ್ಮ ಪ್ರಾಜೆಕ್ಟ್‌ನಲ್ಲಿ ನಿಫ್ಟಿಯ 250 ದಿನಗಳಲ್ಲಿ ನಷ್ಟ 11 ಬಾರಿ ಶೇ 99ರ ವ್ಯಾಲ್ಯೂ ಅಟ್ ರಿಸ್ಕ್ ಮಿತಿ (ನೂರರಲ್ಲಿ 99 ದಿನ ನಷ್ಟ ಇದನ್ನು ಮೀರದು ಎಂಬ ಅಂದಾಜು) ದಾಟಿದ್ದರೆ ತಪ್ಪು ಬಹುಶಃ ಪೈಥಾನ್ ಕೋಡಿನದಲ್ಲ, ಏರಿಳಿತಗಳು ನಾರ್ಮಲ್ ವಿತರಣೆಯನ್ನು, ಅಂದರೆ ಗಂಟೆಯಾಕಾರದ ವಕ್ರರೇಖೆಯನ್ನು, ಅನುಸರಿಸುತ್ತವೆ ಎಂಬ ಊಹೆಯದು. ದಾಟಬೇಕಾದದ್ದು ಎರಡು ಮೂರು ಬಾರಿ. ಬ್ಯಾಂಕುಗಳ ಅಂತರರಾಷ್ಟ್ರೀಯ ನಿಯಮಗಳಾದ ಬಾಸೆಲ್ ಲೆಕ್ಕದಲ್ಲಿ ಹತ್ತು ಬಾರಿ ದಾಟಿದರೇ ಕೆಂಪು ವಲಯ, ಅಂದರೆ ಮಾದರಿಯೇ ತಪ್ಪೆಂಬ ಸೂಚನೆ. 2020ರ ಮಾರ್ಚ್ 23ರಂದು ನಿಫ್ಟಿ ಸುಮಾರು ಶೇ 13 ಕುಸಿಯಿತು. ಅಂಥ ದಿನ ಆ ವಕ್ರರೇಖೆಯ ಎಣಿಕೆಗೇ ಬರುವುದಿಲ್ಲ.

ಮೊದಲು, ಇಂದಿನ ನಷ್ಟವನ್ನು ನಿನ್ನೆಯವರೆಗಿನ ದತ್ತಾಂಶದ ಮಿತಿಯೊಂದಿಗೇ ಹೋಲಿಸುತ್ತಿದ್ದೀರಾ ನೋಡಿ. ಪೈಥಾನ್‌ನ ದತ್ತಾಂಶ ಲೈಬ್ರರಿ ಪಾಂಡಾಸ್‌ನಲ್ಲಿ ರೋಲಿಂಗ್ (ಕಳೆದ ಕೆಲವು ದಿನಗಳ ಜಾರುವ ಲೆಕ್ಕ) ಆದ ಮೇಲೆ, ಫಲಿತಾಂಶವನ್ನು ಒಂದು ದಿನ ಮುಂದೆ ಸರಿಸುವ ಶಿಫ್ಟ್(1) ಇರಲೇಬೇಕು. ಆಮೇಲೆ ದಾಟಿದ ದಿನಗಳನ್ನು ನಕ್ಷೆಯಲ್ಲಿ ಗುರುತಿಸಿ. ಗುಂಪುಗೂಡಿದ್ದರೆ, ಏರಿಳಿತದ ತೀವ್ರತೆ ದಿನದಿಂದ ದಿನಕ್ಕೆ ಬದಲಾಗುವುದನ್ನು ಲೆಕ್ಕಕ್ಕೆ ತರುವ ಗಾರ್ಚ್(1,1) ಮಾದರಿ ಹಾಕಿ. ಚದುರಿದ್ದರೆ, ವಿಪರೀತ ನಷ್ಟಗಳಿಗೆ ಹೆಚ್ಚು ಸಾಧ್ಯತೆ ಕೊಡುವ ಸ್ಟೂಡೆಂಟ್ ಟಿ ವಿತರಣೆ ಸಾಕಾಗಬಹುದು. ನಿಮ್ಮ ನಕ್ಷೆ ನೋಡದೆ ಯಾವುದೆಂದು ಹೇಳಲಾರೆ. ಕೊನೆಗೆ, ಮಿತಿ ದಾಟಿದ ಸಂಖ್ಯೆ ನಿರೀಕ್ಷೆಗೆ ಹೊಂದುತ್ತದೆಯೇ ಎಂದು ನೋಡುವ ಕುಪಿಯೆಕ್ ಪರೀಕ್ಷೆ ನಡೆಸಿ, ಅದರ ಪಿ ಮೌಲ್ಯವನ್ನು (ತೀರಾ ಚಿಕ್ಕದಿದ್ದರೆ ಮಾದರಿ ಹೊಂದುತ್ತಿಲ್ಲ ಎಂದರ್ಥ) ಪ್ರಾಜೆಕ್ಟ್ ವರದಿಗೆ ಸೇರಿಸಿ.