ಸಂಪಾದಕರ ಉತ್ತರ: ತಾರಸಿಯಲ್ಲಿ ಸೋಲಾರ್ ಇದ್ದಮೇಲೆ ಬ್ಯಾಟರಿಯೂ ಬೇಕೇ?

ಹಿರಿಯೂರು ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರು ಬರೆದ ಪತ್ರದ ಸಾರ ಇದು: "ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೇನೆ. ಮಟಮಟ ಮಧ್ಯಾಹ್ನ ಕರೆಂಟ್ ಹೋದರೆ ಪ್ಯಾನೆಲ್ ಕೂಡ ಕೆಲಸ ನಿಲ್ಲಿಸುತ್ತದೆ. ಇದು ಮೋಸ ಅಲ್ವಾ? ದೊಡ್ಡ ಲಿಥಿಯಂ ಬ್ಯಾಟರಿ ಹಾಕಿಸಿ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಹಾಕಿಸಿದರೆ ತೋಟದ 5 ಎಚ್‌ಪಿ ಮೋಟಾರನ್ನೂ ರಾತ್ರಿ ಅದರಲ್ಲೇ ಓಡಿಸಬಹುದು ಎನ್ನುವುದು ಮಗನ ಲೆಕ್ಕ. ಇನ್ನೊಂದು ಪ್ರಶ್ನೆ. ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇದೆ. ಹಾಗಿದ್ದೂ ಸಂಜೆಯ ಕರೆಂಟಿಗಾಗಿ ಶರಾವತಿ ಕಣಿವೆಯ ಕಾಡು ಕಡಿಯಬೇಕೇ?"

ಮೇಷ್ಟ್ರೇ, ನಮಸ್ಕಾರ.

ಮೊದಲಿಗೆ, ಪ್ಯಾನೆಲ್ ನಿಲ್ಲುವುದು ಮೋಸವಲ್ಲ. ನಿಮ್ಮದು ಆನ್‌ಗ್ರಿಡ್ ಇನ್ವರ್ಟರ್, ಅಂದರೆ ಕರೆಂಟ್ ಲೈನಿಗೆ ಜೋಡಿಸಿರುವಂಥದ್ದು. ಲೈನಿನಲ್ಲಿ ಕರೆಂಟ್ ಇಲ್ಲ ಎಂದು ಗೊತ್ತಾದ ಕೂಡಲೇ ಅದು ತಾನೂ ಬಂದ್ ಆಗಬೇಕು. ಹಾಗೆ ಆಗದಿದ್ದರೆ ನಿಮ್ಮ ತಾರಸಿಯ ಕರೆಂಟ್ ಸತ್ತ ಲೈನಿಗೆ ಹರಿಯುತ್ತದೆ. ಲೈನ್ ಆಫ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಜೀವ ಹೋಗಬಹುದು. ಆದರೆ ಈ ಮಾತನ್ನು ಹಾಕಿಸುವ ಮೊದಲೇ ನಿಮಗೆ ಹೇಳಬೇಕಿತ್ತು. ಸೋಲಾರ್ ಹಾಕಿಸಿದರೆ ಕರೆಂಟ್ ಹೋಗುವ ಚಿಂತೆಯೇ ಇಲ್ಲ ಎಂದು ನಂಬಿಸಿ ಮಾರುವುದು ಬಹಳ ಕಡೆ ನಡೆಯುತ್ತಿದೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಬ್ಯಾಟರಿ ಬೇಕೇ ಎನ್ನುವುದಕ್ಕೆ ಬರೋಣ. ಬಿಲ್ ಇಳಿಸುವುದಕ್ಕಾದರೆ ಬೇಡ. ನಿಮಗೆ ನೆಟ್ ಮೀಟರ್ ಇದೆ. ಹಗಲು ಮಿಕ್ಕ ಯೂನಿಟ್ ಲೈನಿಗೆ ಹೋಗುತ್ತದೆ, ರಾತ್ರಿ ನೀವು ಲೈನಿನಿಂದ ತೆಗೆದುಕೊಳ್ಳುತ್ತೀರಿ, ಮೀಟರ್ ಎರಡನ್ನೂ ಕಳೆದು ಕೂಡಿಸುತ್ತದೆ. ಅದೇ ಕೆಲಸಕ್ಕೆ ಮನೆಯಲ್ಲೊಂದು ಬ್ಯಾಟರಿ ಇಟ್ಟರೆ ದುಡ್ಡು ಉಳಿಯುವುದಿಲ್ಲ. ಉಲ್ಟಾ, ಬ್ಯಾಟರಿಗೆ ಹೋಗಿ ಬರುವಾಗ ಒಂದಷ್ಟು ಕರೆಂಟ್ ನಷ್ಟವೇ ಆಗುತ್ತದೆ. ಕೇಂದ್ರದ ಪಿಎಂ ಸೂರ್ಯಘರ್ ಸಬ್ಸಿಡಿ ಕೂಡ ಪ್ಯಾನೆಲ್‌ನ ಕಿಲೋವ್ಯಾಟ್ ಲೆಕ್ಕದಲ್ಲಿ ಸಿಗುವಂಥದ್ದು. 3 ಕಿಲೋವ್ಯಾಟಿಗೆ 78,000 ರೂಪಾಯಿ, ಅಲ್ಲಿಗೆ ಮುಗಿಯಿತು.

ಕರೆಂಟ್ ಹೋದಾಗ ಮನೆ ಕತ್ತಲಾಗಬಾರದು ಎನ್ನುವುದೇ ನಿಮ್ಮ ಚಿಂತೆಯಾದರೆ ಒಂದು ಹಾಳೆ, ಪೆನ್ನು ತೆಗೆದುಕೊಳ್ಳಿ. ಎರಡು ಫ್ಯಾನ್ 150 ವ್ಯಾಟ್, ಐದು ಎಲ್ಇಡಿ ಬಲ್ಬ್ 50 ವ್ಯಾಟ್, ಟಿವಿ 80 ವ್ಯಾಟ್ ಎಂದಿಟ್ಟುಕೊಳ್ಳಿ. ಒಟ್ಟು 280 ವ್ಯಾಟ್. ನಾಲ್ಕು ಗಂಟೆ ಓಡಿದರೆ ಒಂದು ಯೂನಿಟ್‌ಗೆ ಸ್ವಲ್ಪ ಜಾಸ್ತಿ, ಅಷ್ಟೇ. ನಮ್ಮಲ್ಲಿ ಬಹಳ ಮನೆಗಳಲ್ಲಿರುವ 12 ವೋಲ್ಟಿನ 150 ಎಎಚ್ ಯುಪಿಎಸ್ ಬ್ಯಾಟರಿ ಲೆಕ್ಕಕ್ಕೆ 1.8 ಯೂನಿಟ್ ಹಿಡಿಯುತ್ತದೆ. ಅದು ಸೀಸದ ಬ್ಯಾಟರಿಯಾದ್ದರಿಂದ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡುತ್ತಾ ಹೋದರೆ ಬೇಗ ಹಾಳಾಗುತ್ತದೆ. ಅಂದರೆ ಹತ್ತಿರ ಹತ್ತಿರ ಮೂರು ಗಂಟೆ ಬರುತ್ತದೆ. ಮನೆಯಲ್ಲಿ ಈಗಾಗಲೇ ಯುಪಿಎಸ್ ಇದ್ದರೆ ಅದನ್ನೇ ಸರಿಯಾಗಿ ನೋಡಿಕೊಳ್ಳಿ, ಡಿಸ್ಟಿಲ್ಡ್ ವಾಟರ್ ಹಾಕುವುದನ್ನು ಮರೆಯಬೇಡಿ. ಹೇಗೂ ಅದು ಹಗಲು ನಿಮ್ಮ ಪ್ಯಾನೆಲ್ ಕರೆಂಟಿನಲ್ಲೇ ಚಾರ್ಜ್ ಆಗುತ್ತಿರುತ್ತದೆ.

ಹಗಲಿನಲ್ಲೇ ಗಂಟೆಗಟ್ಟಲೆ ಕರೆಂಟ್ ಹೋಗುವ ಊರಾದರೆ ಮಾತು ಬೇರೆ. ಆಗ ಹೈಬ್ರಿಡ್ ಇನ್ವರ್ಟರ್ ಮತ್ತು ಲಿಥಿಯಂ ಬ್ಯಾಟರಿಗೆ ಅರ್ಥವಿದೆ. ಲೈನ್ ಸತ್ತಾಗ ಅದು ಮನೆಯನ್ನು ಲೈನಿನಿಂದ ಬೇರೆ ಮಾಡಿ ಪ್ಯಾನೆಲ್ ಓಡುವಂತೆ ಮಾಡುತ್ತದೆ. ಲಿಥಿಯಂನಲ್ಲೂ ಎಲ್ಎಫ್‌ಪಿ, ಅಂದರೆ ಕಬ್ಬಿಣ ಮತ್ತು ಫಾಸ್ಫೇಟ್ ಇರುವ ಬಗೆಯನ್ನೇ ಕೇಳಿ. ನಿಕ್ಕಲ್ ಇರುವ ಬಗೆಗಿಂತ ಅದಕ್ಕೆ ಬೆಂಕಿಯ ಭಯ ಕಡಿಮೆ, ಬಾಳಿಕೆ ಜಾಸ್ತಿ. ಇನ್ವರ್ಟರ್ ಬದಲಿಸುವ ಮೊದಲು ಬೆಸ್ಕಾಂ ಕಚೇರಿಗೆ ತಿಳಿಸಿ. ಹಳೆಯ ಸೀಸದ ಬ್ಯಾಟರಿಯನ್ನು ಕೊಂಡ ಅಂಗಡಿಗೇ ವಾಪಸ್ ಕೊಡಿ. ಗುಜರಿಗೆ ಕೊಟ್ಟರೆ ಅದನ್ನು ಬಯಲಲ್ಲಿ ಒಡೆಯಬಹುದು. ಆ ಸೀಸ ಮಕ್ಕಳ ಮೈ ಸೇರಿದರೆ ಮಿದುಳಿನ ಬೆಳವಣಿಗೆಗೇ ಪೆಟ್ಟು.

ಇನ್ನು ಮೋಟಾರು. ನಿಮ್ಮ ಮಗನಿಗೆ ದಯವಿಟ್ಟು ಈ ಲೆಕ್ಕ ತೋರಿಸಿ. 5 ಎಚ್‌ಪಿ ಮೋಟಾರು ಗಂಟೆಗೆ ಹತ್ತಿರ ಹತ್ತಿರ 4 ಯೂನಿಟ್ ತಿನ್ನುತ್ತದೆ. ಐದು ಗಂಟೆಗೆ 20 ಯೂನಿಟ್. ನಿಮ್ಮ ಪ್ಯಾನೆಲ್ ಒಳ್ಳೆ ಬಿಸಿಲಿನ ದಿನ ಕೊಡುವುದೇ 12 ಯೂನಿಟ್. ಜೊತೆಗೆ ಮೋಟಾರು ಸ್ಟಾರ್ಟ್ ಆಗುವಾಗ ಎಳೆಯುವ ಕರೆಂಟ್ ಮಾಮೂಲಿಗಿಂತ ಹಲವು ಪಟ್ಟು. ಮನೆ ಬ್ಯಾಟರಿಗೆ ಇದು ಆಗದ ಕೆಲಸ. ತ್ರೀ ಫೇಸ್ ಬರುವ ಹೊತ್ತಿನಲ್ಲಿ ನೀರನ್ನೇ ಎತ್ತಿ ತೊಟ್ಟಿಗೋ ಕೃಷಿ ಹೊಂಡಕ್ಕೋ ತುಂಬಿಸಿಕೊಳ್ಳಿ. ತೊಟ್ಟಿ ಎತ್ತರದಲ್ಲಿದ್ದರೆ ರಾತ್ರಿ ಗೇಟ್‌ವಾಲ್ವ್ ತಿರುಗಿಸಿದರೆ ಸಾಕು, ನೀರು ತೋಟಕ್ಕೆ ಹರಿಯುತ್ತದೆ. ರೈತರಿಗೆ ಇದಕ್ಕಿಂತ ಅಗ್ಗದ ಬ್ಯಾಟರಿ ಇಲ್ಲ.

ಶರಾವತಿಯ ಯೋಜನೆಯೂ ಇದೇ ಉಪಾಯದ ಮೇಲೆ ನಿಂತಿದೆ. ಪಾವಗಡದ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಇದೆ. ಸೂರ್ಯ ಮುಳುಗಿದರೆ ಅದು ಸೊನ್ನೆ. ಮನೆ ಮನೆಯಲ್ಲಿ ದೀಪ, ಟಿವಿ, ಮಿಕ್ಸಿ ಹಾಕುವುದು ಸರಿಯಾಗಿ ಅದೇ ಹೊತ್ತಿಗೆ. ಅದಕ್ಕೇ ಹಗಲು ಮಿಕ್ಕ ಕರೆಂಟಿನಲ್ಲಿ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಳಕಳಲೆ ಜಲಾಶಯಕ್ಕೆ ಎತ್ತಿ, ಸಂಜೆ ಕೆಳಗೆ ಬಿಟ್ಟು 2,000 ಮೆಗಾವ್ಯಾಟ್ ತೆಗೆಯುವ ಯೋಚನೆ. ಜಲಾಶಯಗಳೇನೋ ಈಗಾಗಲೇ ಇವೆ. ಆದರೆ ಸುರಂಗ, ರಸ್ತೆ, ವಿದ್ಯುತ್ ಲೈನ್ ಎಲ್ಲಕ್ಕೂ ಕಾಡು ಬೇಕು. ಅದು ಸಿಂಗಳೀಕಗಳ ಅಭಯಾರಣ್ಯ.

ಇಂಥ ಯೋಜನೆಗೆ ಒಂದು ಬಲ ಇದೆ, ಅದನ್ನು ಮುಚ್ಚಿಡಬಾರದು. ಅದು ಆರೇಳು ಗಂಟೆ ಕರೆಂಟ್ ಕೊಡಬಲ್ಲದು, ದಶಕಗಟ್ಟಲೆ ಬಾಳುತ್ತದೆ. ಬ್ಯಾಟರಿಯ ಬಾಳಿಕೆ ಅಷ್ಟಿಲ್ಲ. ಆದರೆ ಬ್ಯಾಟರಿಯ ಬೆಲೆ ಬಿದ್ದಿರುವ ರೀತಿ ನೋಡಿ. 2022ರಲ್ಲಿ ಎರಡು ಗಂಟೆ ಕರೆಂಟ್ ಕೊಡುವ ಬ್ಯಾಟರಿಗೆ ಟೆಂಡರಿನಲ್ಲಿ ಬಂದ ದರ ಮೆಗಾವ್ಯಾಟಿಗೆ ತಿಂಗಳಿಗೆ 10 ಲಕ್ಷ ರೂಪಾಯಿಗೂ ಮೇಲಿತ್ತು. ಮೂರೇ ವರ್ಷದಲ್ಲಿ ಕೆಲವು ಟೆಂಡರುಗಳಲ್ಲಿ ಎರಡೂವರೆ ಲಕ್ಷಕ್ಕಿಂತ ಕೆಳಗಿಳಿಯಿತು. ಅವುಗಳಲ್ಲಿ ಕೆಲವಕ್ಕೆ ಕೇಂದ್ರದ ನೆರವಿದೆ, ನಿಜ. ಆದರೂ ಇಳಿತ ದೊಡ್ಡದೇ. ಛತ್ತೀಸ್‌ಗಢದ ರಾಜನಂದಗಾಂವ್‌ನಲ್ಲಿ ಸೋಲಾರ್ ಪಕ್ಕದಲ್ಲೇ 120 ಮೆಗಾವ್ಯಾಟ್ ಅವರ್‌ನ ಬ್ಯಾಟರಿ ಇದೆ. ಸಂಜೆ ಮೂರು ಗಂಟೆ ಹೊತ್ತು 40 ಮೆಗಾವ್ಯಾಟ್ ಕೊಡುವ ಸಾಮರ್ಥ್ಯ ಅದರದ್ದು. ಪಾವಗಡದಲ್ಲಿ ಸಬ್‌ಸ್ಟೇಷನ್ ಇದೆ, ಲೈನ್ ಇದೆ, ಸಂಜೆಯಾದ ಮೇಲೆ ಆ ಲೈನಿಗೆ ಸೋಲಾರಿನ ಕೆಲಸವೂ ಇರುವುದಿಲ್ಲ. ಅಲ್ಲೇ ಬ್ಯಾಟರಿ ಇಡಲು ಒಂದು ಮರವನ್ನೂ ಕಡಿಯಬೇಕಿಲ್ಲ.

ಈಗಿರುವ 1,035 ಮೆಗಾವ್ಯಾಟಿನ ಶರಾವತಿ ಕೇಂದ್ರವೂ ಇದೆ. ಹಗಲು ಸೋಲಾರ್ ಬಳಸಿ, ಲಿಂಗನಮಕ್ಕಿಯ ನೀರನ್ನು ಸಂಜೆಗೆ ಹಿಡಿದಿಟ್ಟುಕೊಂಡರೆ ಅದೂ ಸಂಗ್ರಹವೇ. ಈ ಎರಡು ದಾರಿಯನ್ನು ಪೂರ್ತಿ ಬಳಸಿದ ಮೇಲೂ ಸಂಜೆಗೆ ಎಷ್ಟು ಮೆಗಾವ್ಯಾಟ್, ಎಷ್ಟು ಗಂಟೆಗೆ ಕಮ್ಮಿ ಬೀಳುತ್ತದೆ ಎಂಬ ಲೆಕ್ಕವನ್ನು ಸರ್ಕಾರ ಜನರ ಮುಂದೆ ಇಡಲಿ. ಅಲ್ಲಿಯವರೆಗೆ ಆ ಕಾಡಿಗೆ ಕೊಡಲಿ ಹಾಕಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ನಿಮ್ಮ ಮನೆಯ ಲೆಕ್ಕದ ಹಾಳೆಯನ್ನು ನಮಗೂ ಕಳಿಸಿ. ಅಂಗಡಿಯವರು ಎಷ್ಟು ಯೂನಿಟಿನ ಬ್ಯಾಟರಿ ಹೇಳಿದ್ದಾರೆ ಎನ್ನುವುದನ್ನೂ ಬರೆಯಿರಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ ಉತ್ತರ ಕೊಡುತ್ತೇವೆ.

ಸಂಪಾದಕ